ಗಡಿಯಾರದವರ ಮಗಳು

ಡಿಸೈನ್ ಕಾಲೇಜಿಗೆ ಸೇರಿ ಎರಡು ತಿಂಗಳು ತುಂಬುವ ಮೊದಲೇ ಅವಳಿಗೆ ಸೂಜಿ ಎಂಬ ಹೆಸರು ಅಂಟಿಕೊಂಡಿತು. ತೆಳ್ಳಗಿದ್ದಳು ಎಂಬುದು ಅರ್ಧ ಕಾರಣ. ಇನ್ನರ್ಧ ಅವಳ ಕಣ್ಣು. ಬೇರೆಯವರು ವಾರವಿಡೀ ಕೂತು ಮಾಡಿದ ಪೋಸ್ಟರಿನ ಮುಂದೆ ನಿಂತು, "ಈ ಸಾಲು ಒಂದು ಕೂದಲೆಳೆ ಎಡಕ್ಕೆ ಹೋಗಿದೆ" ಎಂದು ಹೇಳಿ ಮುಂದೆ ನಡೆದುಬಿಡುತ್ತಿದ್ದಳು. ಅಳೆದು ನೋಡಿದರೆ ಹೋಗಿಯೇ ಇರುತ್ತಿತ್ತು. ತರಗತಿಯವರಿಗೆ ಅವಳ ಮೇಲೆ ಮೆಚ್ಚುಗೆಯೂ ಇತ್ತು, ಹೊಟ್ಟೆಯುರಿಯೂ ಇತ್ತು.

ಆ ಕಣ್ಣು ತಾಯಿಯಿಂದ ಬಂದದ್ದು. ಅಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಯ ಎರಡು ಕಣ್ಣುಪಾಪೆಗಳ ನಡುವೆ ಎಷ್ಟು ಅಂತರವಿದೆ ಎಂದು ಪುಟ್ಟ ಪಟ್ಟಿ ಹಿಡಿದು ಅಳೆದು ಬರೆದುಕೊಳ್ಳುವುದು ಅವಳ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿ ಮಾಡಿ ಈಗ ಪಟ್ಟಿಯೇ ಬೇಕಾಗುತ್ತಿರಲಿಲ್ಲ. ಬಸ್ಸಿನಲ್ಲಿ ಎದುರು ಕೂತವರನ್ನು ಒಂದು ಸಲ ನೋಡಿ, ಮಗಳ ಕಿವಿಯಲ್ಲಿ "ಅರವತ್ತೆರಡು" ಎಂದು ಪಿಸುಗುಟ್ಟುತ್ತಿದ್ದಳು. ಅಪ್ಪ ಲಾರಿ ಓಡಿಸುತ್ತಿದ್ದ, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಹಾಗಾಗಿ ಮನೆಯಲ್ಲಿ ತಾಯಿ ಮಗಳಿಬ್ಬರದೇ ರಾಜ್ಯ.

ಮೂರನೇ ಸೆಮಿಸ್ಟರಿನಲ್ಲಿ ಹಳೆಯ ಫೋಟೋಗಳನ್ನು ಸರಿಪಡಿಸುವ ಪಾಠವಿತ್ತು. ಕಲಿಸುತ್ತಿದ್ದವರಿಗೆ ಬ್ರಷ್ ಮೇಷ್ಟ್ರು ಎಂದು ಹೆಸರು. ಕಂಪ್ಯೂಟರ್ ಬರುವ ಮುಂಚೆ ಅವರು ಒಂದು ದಿನಪತ್ರಿಕೆಯಲ್ಲಿ ಕೂತು, ನಾಲ್ಕೇ ಕೂದಲಿನ ಕುಂಚದಿಂದ ಫೋಟೋಗಳ ಮೇಲಿನ ಕಲೆ ಮುಚ್ಚುತ್ತಿದ್ದವರು. "ನಮ್ಮ ಕಾಲದಲ್ಲಿ ಹಿಂದಕ್ಕೆ ಹೋಗೋ ಗುಂಡಿ ಇರ್ಲಿಲ್ಲ. ಕೈ ಸ್ವಲ್ಪ ನಡುಗಿದ್ರೆ ಸಾಕು, ಮಂತ್ರಿಗಳ ಹೆಂಡತಿಗೆ ಮೀಸೆ ಬಂದುಬಿಡೋದು" ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು, ಪ್ರತಿ ವರ್ಷವೂ ಮಕ್ಕಳು ನಗುತ್ತಿದ್ದರು.

ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಮನೆಯ ಹಾಳಾದ ಫೋಟೋ ಸಿಗಬೇಕು ಎಂಬುದು ಮೇಷ್ಟರ ನಿಯಮ. ಅವರು ಊರವರಿಗೆ ಹೇಳಿಕಳಿಸುತ್ತಿದ್ದರು. ಗೊತ್ತುಪಡಿಸಿದ ದಿನ ಜನ ಚೀಲ, ಲಕೋಟೆ, ಹಳೆಯ ಆಲ್ಬಮ್ಮು ಹಿಡಿದು ಕಾಲೇಜಿಗೆ ಬರುತ್ತಿದ್ದರು. ಸೂಜಿಯ ಮುಂದೆ ಬಂದು ಕೂತವರು ಐವತ್ತು ದಾಟಿದ ಗಂಡ ಹೆಂಡತಿ. ಗಂಡ ಗಡಿಯಾರ ರಿಪೇರಿ ಮಾಡುವವರು, ಊರಿಗೆಲ್ಲ ಗಡಿಯಾರದವರು. ಹೆಂಡತಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದ ಹೊಲಿಗೆಯಮ್ಮ. ಆಕೆ ತೊಡೆಯ ಮೇಲಿದ್ದ ಟವೆಲ್ಲಿನ ಗಂಟು ಬಿಚ್ಚಿ ಒಂದು ಚೌಕಟ್ಟನ್ನು ಮೇಜಿನ ಮೇಲಿಟ್ಟರು.

ಗಾಜಿನೊಳಗೆ ಆರು ವರ್ಷದ ಹುಡುಗಿ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೇರವಾಗಿ ನೋಡುತ್ತಿದ್ದಳು. ಎಡಗೆನ್ನೆಯಿಂದ ಕುತ್ತಿಗೆಯವರೆಗೆ ನೀರು ಹರಿದು ಬಣ್ಣ ಕಿತ್ತುಹೋಗಿತ್ತು.

"ನಮ್ಮ ಮಗಳು. ಜ್ವರ ಬಂತು, ನಾಲ್ಕು ದಿನ ಅಷ್ಟೆ," ಎಂದರು ಗಡಿಯಾರದವರು. "ಹದಿಮೂರು ವರ್ಷ ಆಯ್ತು. ಹೋದ ವರ್ಷ ಮಾಡಿನ ಪೈಪು ಒಡೆದು ಬೀರು ಪೂರ್ತಿ ನೀರಾಯ್ತು. ಮಿಕ್ಕ ಫೋಟೋ ಎಲ್ಲಾ ಗಂಜಿ. ಇದೊಂದು ಉಳೀತು."

"ಗಾಜಿಗೆ ಅಂಟಿಬಿಟ್ಟಿದೆ ನೋಡು," ಎಂದರು ಹೊಲಿಗೆಯಮ್ಮ. "ಎಳೆದರೆ ಮುಖವೇ ಬಂದುಬಿಡುತ್ತೇನೋ ಅಂತ ಭಯ. ಎಳೀಬೇಡ ಆಯ್ತಾ?"

ಸೂಜಿ ಎಳೆಯಲಿಲ್ಲ. ಗಾಜಿನ ಸಮೇತ ಸ್ಕ್ಯಾನ್ ಮಾಡಿದಳು. ಮೂರು ವಾರ ಆ ಪುಟ್ಟ ಮುಖದ ಮೇಲೆ ಬಗ್ಗಿ ಕೂತಳು. ಬಲಗೆನ್ನೆಯ ಚರ್ಮವನ್ನು ಚುಕ್ಕೆ ಚುಕ್ಕೆಯಾಗಿ ಎತ್ತಿ ಎಡಗೆನ್ನೆಗೆ ತಂದಳು, ಕಿತ್ತುಹೋದ ಕಾಲರನ್ನು ಉಳಿದ ಅರ್ಧ ಕಾಲರಿನಿಂದ ಕಟ್ಟಿದಳು. ಕೊನೆಗೆ ಮುದ್ರಿಸಿದ ಪ್ರತಿಯನ್ನು ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಕೆಳಗಿಟ್ಟರು. ಅವರು ಏನೂ ಹೇಳಲಿಲ್ಲ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಫೋಟೋ ತೆಗೆದುಕೊಂಡು ಹೋಗಲು ಹೊಲಿಗೆಯಮ್ಮ ಒಬ್ಬರೇ ಬಂದರು. ತುಂಬ ಹೊತ್ತು ನೋಡಿದರು. ಆಮೇಲೆ ಸೂಜಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಅಳತೆ ತೆಗೆದುಕೊಳ್ಳುವವರು ನೋಡುವಂತೆ.

"ನಿಂಗೆಷ್ಟು ವಯಸ್ಸು?"

"ಹತ್ತೊಂಬತ್ತು ಆಂಟಿ."

"ಅವಳಿಗೂ ಹತ್ತೊಂಬತ್ತು," ಎಂದರು. ಆಗಿರುತ್ತಿತ್ತು ಎನ್ನಲಿಲ್ಲ. "ಇಷ್ಟು ಮಾಡಿದೀಯಲ್ಲ, ಅವಳನ್ನ ದೊಡ್ಡವಳು ಮಾಡಿ ಕೊಡ್ತೀಯಾ? ಈಗ ಹೇಗಿರ್ತಿದ್ಲು ಅಂತ ಒಂದೇ ಒಂದು ಸಲ ನೋಡಬೇಕು."

ಪಕ್ಕದ ಮೇಜಿನಲ್ಲಿದ್ದ ಮೇಷ್ಟ್ರು ತಲೆಯೆತ್ತಿದರು. "ಬೇಡಮ್ಮ," ಎಂದರು ಮೆಲ್ಲಗೆ. "ಇದ್ದದ್ದನ್ನ ಉಳಿಸೋದು ನಮ್ಮ ಕೆಲಸ. ಇಲ್ಲದ್ದನ್ನ ಹುಟ್ಟಿಸೋದಲ್ಲ."

ಹೊಲಿಗೆಯಮ್ಮ ಆಯಿತು ಎಂಬಂತೆ ತಲೆಯಾಡಿಸಿ ಎದ್ದರು. ಸೂಜಿ ಅವರ ಜೊತೆ ಗೇಟಿನವರೆಗೆ ಹೋದಳು. ಗೇಟಿನ ಬಳಿ, ಮೇಷ್ಟರಿಗೆ ಕೇಳಿಸದಷ್ಟು ದೂರದಲ್ಲಿ, "ನಾನು ಪ್ರಯತ್ನ ಮಾಡ್ತೀನಿ ಆಂಟಿ" ಎಂದುಬಿಟ್ಟಳು. ಹಾಗೆ ಹೇಳಿಸಿದ್ದು ಕನಿಕರ ಎಂದು ಅವಳು ಅಂದುಕೊಂಡಳು. ಕನಿಕರವೂ ಇತ್ತು, ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಕೂತಿತ್ತು: ಇದು ನನ್ನ ಕೈಯಲ್ಲಿ ಆಗುತ್ತದೆಯೋ ಇಲ್ಲವೋ ನೋಡಬೇಕು.

ಮೊದಮೊದಲು ಆಗಲಿಲ್ಲ. ಹೊಲಿಗೆಯಮ್ಮ ಕೊಟ್ಟ ತಮ್ಮ ಮದುವೆಯ ಕಾಲದ ಫೋಟೋದಿಂದ ಹುಬ್ಬು, ಹಣೆ ತೆಗೆದುಕೊಂಡಳು. ಗಡಿಯಾರದವರ ಅಂಗಡಿ ಪರವಾನಗಿಗೆ ಅಂಟಿಸಿದ್ದ ಹಳೆಯ ಫೋಟೋದಿಂದ ಮೂಗು. ಮಗುವಿನ ಕಣ್ಣುಗಳನ್ನು ಹಿಗ್ಗಿಸಿ ಇಟ್ಟಳು. ಎಲ್ಲ ಸೇರಿ ಮುಖವಾಡವಾಯಿತೇ ಹೊರತು ಮುಖವಾಗಲಿಲ್ಲ. ಅದಕ್ಕೆ ಕುತ್ತಿಗೆ ಇರಲಿಲ್ಲ, ಉಸಿರಿರಲಿಲ್ಲ. ಮೇಣದ ಬೊಂಬೆ ಅವಳನ್ನೇ ದುರುಗುಟ್ಟಿ ನೋಡುತ್ತಿರುವಂತಿತ್ತು.

ಒಂದು ಭಾನುವಾರ ಬೆಳಿಗ್ಗೆ, ಅಮ್ಮ ಸಾಮಾನು ತರಲು ಹೋಗಿದ್ದಾಗ, ಸೂಜಿ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆಳೆದು, ಮಗುವಿನ ಫೋಟೋದಲ್ಲಿ ಬೆಳಕು ಯಾವ ಕಡೆಯಿಂದ ಬಿದ್ದಿತ್ತೋ ಅದೇ ಕಡೆಗೆ ಮುಖ ಮಾಡಿ ಕೂತು, ಟೈಮರ್ ಇಟ್ಟು ತನ್ನದೇ ಫೋಟೋ ತೆಗೆದುಕೊಂಡಳು. ತನ್ನ ದವಡೆ, ಕುತ್ತಿಗೆ, ಕಿವಿ, ಭುಜಗಳನ್ನು ಕತ್ತರಿಸಿ ಆ ಮುಖಕ್ಕೆ ಜೋಡಿಸಿದಳು. ತುಟಿಗೂ ತನ್ನದರಿಂದ ಸ್ವಲ್ಪ ಸಾಲ ಕೊಟ್ಟಳು. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟ ತುಂಡುಗಳು ಒಟ್ಟು ಹದಿನೇಳು ಪದರ. ಕೊನೆಯ ಪದರವನ್ನು ಹಚ್ಚಿ ಪರದೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಕುರ್ಚಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಇವಳಲ್ಲ, ಹೊಲಿಗೆಯಮ್ಮನೂ ಅಲ್ಲ. ಹದಿಮೂರು ವರ್ಷ ಎಲ್ಲೋ ಇದ್ದು ಈಗ ಬಂದು ಕೂತವಳು.

ಹೊಲಿಗೆಯಮ್ಮ ಆ ಫೋಟೋವನ್ನು ನೋಡಿ ಅಳಲಿಲ್ಲ. ಅದೇ ಸೂಜಿಗೆ ಆಶ್ಚರ್ಯ. ಅವರು ನಕ್ಕರು. "ನೋಡು ಎಷ್ಟು ಸಣ್ಣ ಆಗಿದಾಳೆ. ಹೊತ್ತಿಗೆ ಸರಿಯಾಗಿ ತಿನ್ನಲ್ಲ ಅಂತ ಕಾಣುತ್ತೆ," ಎಂದರು.

ಒಂದು ವಾರ ಕಳೆದು ಫೋನ್ ಬಂತು. ಕೂತೇ ಇದ್ದಾಳಲ್ಲ, ಓದುತ್ತಿರುವ ಹಾಗೆ ಒಂದು ಆಗುತ್ತಾ ಎಂದು. ಆಮೇಲೆ ಸೈಕಲ್ ಹಿಡಿದುಕೊಂಡು. ಆಮೇಲೆ ಗೆಳತಿಯರ ಜೊತೆ. ಆಮೇಲೆ ಜೋರಾಗಿ ನಗುತ್ತಿರುವುದು ಒಂದು. ಬೇಡ ಎನ್ನಲು ಸೂಜಿಗೆ ಬಾಯಿ ಬರಲಿಲ್ಲ. ಪ್ರತಿ ಸಲವೂ ತಾನು ಹೋಗಿ ಹಾಗೆ ಕೂರಬೇಕಿತ್ತು, ಹಾಗೆ ನಿಲ್ಲಬೇಕಿತ್ತು, ಹಾಗೆ ನಗಬೇಕಿತ್ತು. ನಾಲ್ಕು ತಿಂಗಳಲ್ಲಿ ಏಳು ಫೋಟೋ ಆದವು. ಐದನೆಯದರ ಹೊತ್ತಿಗೆ ಅವಳು ಕನ್ನಡಿ ನೋಡಿಕೊಳ್ಳುವಾಗ ತನ್ನ ಮುಖವನ್ನು ಲೆಕ್ಕ ಹಾಕತೊಡಗಿದ್ದಳು: ಈ ಕಿವಿ ಸೈಕಲ್ಲಿಗೆ ಹೋಯಿತು, ಈ ಗಲ್ಲ ಓದುವುದಕ್ಕೆ, ಈ ಹಲ್ಲು ನಗುವುದಕ್ಕೆ. ಉಳಿದಿದ್ದೇನು ಎಂದು ಹುಡುಕಿದರೆ ಕಣ್ಣು ಮಾತ್ರ.

ಒಂದು ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಅವಳ ಫೋಟೋಗಳನ್ನು ವಿಂಗಡಿಸುತ್ತಿದ್ದ ಸಾಫ್ಟ್‌ವೇರು ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ಕೇಳಿತು: ಇವರಿಬ್ಬರೂ ಒಬ್ಬರೇನಾ? ಎಡಗಡೆ ಕಾಲೇಜಿನ ಪ್ರವಾಸದಲ್ಲಿ ಗೆಳತಿಯೊಬ್ಬಳು ತೆಗೆದ ಸೂಜಿಯದೇ ಫೋಟೋ. ಬಲಗಡೆ ಆರು ವರ್ಷದ ಮಗು. ಕೈ ಬೆನ್ನ ಹಿಂದೆ ಕಟ್ಟಿ ನೇರ ನೋಡುತ್ತಿದ್ದ ಅದೇ ಮಗು. ಮಧ್ಯದಲ್ಲಿ ತಾನು ಕಟ್ಟಿದ ಮುಖಗಳನ್ನು ಮೆಟ್ಟಿಲು ಮಾಡಿಕೊಂಡು ಯಂತ್ರ ಇವಳಿಂದ ಅವಳವರೆಗೆ ನಡೆದುಹೋಗಿತ್ತು. ಅದು ಅವಳಿಗೆ ಅರ್ಥವಾಯಿತು. ಅಲ್ಲ ಎಂದು ಒತ್ತಿದಳು. ಮಾರನೆಯ ದಿನ ಇನ್ನೊಂದು ಜೋಡಿ ಇಟ್ಟು ಅದು ಮತ್ತೆ ಕೇಳಿತು. ಮೂರನೆಯ ದಿನ ಅವಳು ಗೊತ್ತಿಲ್ಲ ಎಂದು ಒತ್ತಿದಳು.

ಅಮ್ಮನಿಗೆ ಈ ವಿಷಯವೇ ಗೊತ್ತಿರಲಿಲ್ಲ. ಒಂದು ದಿನ ಚಹಾ ಕೊಡಲು ಬಂದವಳು ಪರದೆಯ ಮೇಲಿದ್ದ ಮುಖವನ್ನು ಕಂಡು ಅಲ್ಲೇ ನಿಂತಳು.

"ಇದು ನೀನೇ ಅಲ್ವಾ?"

"ಅಲ್ಲಮ್ಮ. ಕಾಲೇಜಿನ ಕೆಲಸ."

"ಸುಳ್ಳು ಹೇಳಬೇಡ. ಹೆತ್ತಿರೋದು ನಾನು." ಅಮ್ಮ ಲೋಟ ಇಟ್ಟು ಹತ್ತಿರ ಬಂದಳು. "ಈ ದವಡೆಗೆ ಕಣ್ಣುಗಳ ಅಂತರ ಅರವತ್ತು ಇರಬೇಕು. ಐವತ್ತೇಳಿದೆ. ಕಣ್ಣು ಬೇರೆ ಯಾರದ್ದೋ. ಯಾರದ್ದು?"

ಸೂಜಿ ಎಲ್ಲ ಹೇಳಿದಳು. ಅಮ್ಮ ಬೈಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಕೈ ಒದ್ದೆ ಇಲ್ಲದಿದ್ದರೂ ಒರೆಸಿಕೊಳ್ಳುತ್ತಾ, "ಸತ್ತಿರೋ ಮಗುವಿನ ಕಣ್ಣು ತಂದು ನಿನ್ನ ಮುಖಕ್ಕೆ ಇಟ್ಟಿದೀಯ," ಎಂದಳು. "ನಂಗೆ ಅದನ್ನ ನೋಡೋಕಾಗಲ್ಲ ಮಗಳೇ. ಮುಚ್ಚು ಅದನ್ನ." ಆಮೇಲೆ ಎರಡು ದಿನ ಊಟಕ್ಕೆ ಕೂತಾಗ ಮಗಳ ಮುಖವನ್ನೇ ನೋಡುತ್ತಿದ್ದಳು, ಕಾಣೆಯಾಗಿದ್ದು ಏನು ಎಂದು ಹುಡುಕುವ ಹಾಗೆ.

ಏಳನೆಯ ಫೋಟೋವನ್ನು ಕೊಡಲು ಸೂಜಿ ಹೊಲಿಗೆಯಮ್ಮನ ಬೀದಿಗೆ ಹೋದಳು. ಹಿಂದಿನವನ್ನೆಲ್ಲ ಅವರೇ ಕಾಲೇಜಿನ ಗೇಟಿಗೆ ಬಂದು ತೆಗೆದುಕೊಂಡು ಹೋಗಿದ್ದರು, ಆ ಬೀದಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮನೆ ಯಾವುದು ಎಂದು ಕೇಳಲು ಮೂಲೆಯ ಗುಂಡಿ-ದಾರದ ಅಂಗಡಿಯ ಮುಂದೆ ನಿಂತಳು. ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕುತ್ತಿದ್ದ ಅಂಗಡಿಯಾಕೆ ತಲೆಯೆತ್ತಿ ನೋಡಿ, ಮುಖ ಅರಳಿಸಿದಳು.

"ಅಯ್ಯೋ, ರಜಾಕ್ಕೆ ಬಂದ್ಯಾ? ಗಡಿಯಾರದವರ ಮಗಳಲ್ವಾ ನೀನು? ಎಲ್ಲೋ ದೂರದಲ್ಲಿ ಓದ್ತಿದಾಳೆ ಅಂತ ನಿಮ್ಮಮ್ಮ ದಾರ ತಗೊಳೋಕೆ ಬಂದಾಗೆಲ್ಲ ಫೋಟೋ ತೋರಿಸ್ತಾರೆ."

ಈ ಅಂಗಡಿಯಾಕೆ ಬೀದಿಗೆ ಹೊಸಬಳು, ಹಳೆಯದೇನೂ ತಿಳಿಯದು. ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸೂಜಿ ಬಾಯಿ ತೆರೆದಳು.

"ಹೌದು," ಎಂದಳು.

ಯಾಕೆ ಹಾಗೆಂದಳೋ ಅವಳಿಗೆ ಎಂದೂ ತಿಳಿಯಲಿಲ್ಲ. ತನ್ನದೇ ಹೆಸರು ಕೇಳಿದಾಗ ಓಗೊಡುವಷ್ಟು ಸಲೀಸಾಗಿ ಆ ಮಾತು ಬಂತು. ಅಂಗಡಿಯಾಕೆ, "ನಡಿ ನಡಿ, ಕಾಯ್ತಿರ್ತಾರೆ" ಎಂದು ಮನೆಯತ್ತ ಕೈ ತೋರಿಸಿದಳು. ತನ್ನ ಮನೆಗೆ ಹೋಗುವ ಮಗಳಿಗೆ ದಾರಿ ತೋರಿಸುವುದೇಕೆ ಎಂದು ಆಕೆಗೂ ಹೊಳೆಯಲಿಲ್ಲ. ಸೂಜಿ ನಾಲ್ಕು ಹೆಜ್ಜೆ ನಡೆದಳು. ಕಿಟಕಿಯೊಳಗಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು. ಅವಳು ಬಾಗಿಲು ತಟ್ಟಲಿಲ್ಲ. ಲಕೋಟೆಯನ್ನು ಬಾಗಿಲಿನ ಸಂದಿಯಲ್ಲಿ ತೂರಿಸಿ, ಬಂದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬಸ್ ನಿಲ್ದಾಣಕ್ಕೆ ಓಡಿದಳು.

ಹತ್ತು ದಿನ ಫೋನ್ ಎತ್ತಲಿಲ್ಲ. ಹನ್ನೊಂದನೆಯ ದಿನ ಗಡಿಯಾರದವರೇ ಕಾಲೇಜಿಗೆ ಬಂದರು. ಕ್ಯಾಂಟೀನಿನ ಬೆಂಚಿನಲ್ಲಿ ಅವಳ ಎದುರು ಕೂತು, ಕೈಯಲ್ಲಿದ್ದ ಕಾಗದದ ಪೊಟ್ಟಣವನ್ನು ಮುಂದಕ್ಕೆ ತಳ್ಳಿದರು.

"ಇದು ನಿಂಗೆ ಸರಿಯಾಗುತ್ತಾ ನೋಡಮ್ಮ."

ಒಳಗೆ ಉದ್ದ ತೋಳಿನ ನೀಲಿ ಅಂಗಿ. ಸೂಜಿ ಅದನ್ನು ಭುಜಕ್ಕೆ ಹಿಡಿದು ನೋಡಿದಳು. ಭುಜಕ್ಕೆ ಭುಜ, ತೋಳಿಗೆ ತೋಳು. ಟೇಪು ಹಿಡಿದು ಅಳತೆ ತೆಗೆದುಕೊಂಡು ಹೊಲಿದಿದ್ದರೂ ಅಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ.

"ಫೋಟೋ ನೋಡಿಯೇ ಹೊಲಿದದ್ದು," ಎಂದರು ಗಡಿಯಾರದವರು. "ಮುವ್ವತ್ತು ವರ್ಷದ ಕೈ ಅವಳದ್ದು, ಕಣ್ಣಳತೆ ತಪ್ಪಲ್ಲ. ಮಗಳಿಗೆ ಅಂತ ಹೊಲಿದಳು. ನಾನು ನಿನ್ನ ಭುಜ ನೋಡಿದ್ದೆ ಮೊದಲ ದಿನವೇ. ಆವಾಗಲೇ ಗೊತ್ತಾಯ್ತು, ಆ ಮೈ ಯಾರದ್ದು ಅಂತ."

"ತಪ್ಪಾಯ್ತು ಅಂಕಲ್," ಎಂದಳು ಸೂಜಿ.

"ನಿನ್ನ ಬೈಯೋಕೆ ಬಂದಿಲ್ಲ. ಅವಳು ಸಂತೋಷವಾಗಿದಾಳೆ, ಅದು ನಿಜ. ಹದಿಮೂರು ವರ್ಷದಲ್ಲಿ ಹೀಗೆ ನೋಡೇ ಇಲ್ಲ." ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಆದರೆ ಆ ಹಳೇ ಫೋಟೋ ಇದೆಯಲ್ಲ, ನೀನು ಮೊದಲು ಸರಿ ಮಾಡಿ ಕೊಟ್ಟಿದ್ದು, ಚಿಕ್ಕವಳದ್ದು. ಅದನ್ನ ತೆಗೆದು ಬೀರುವಿನೊಳಗೆ ಇಟ್ಟುಬಿಟ್ಟಿದಾಳೆ. ಯಾಕೆ ಅಂತ ಕೇಳಿದ್ರೆ, ಅದು ಹಳೇದು ಅಂತಾಳೆ. ಹೊಸದು ಇರೋವಾಗ ಅದ್ಯಾಕೆ ಅಂತಾಳೆ. ನನ್ನ ಮಗಳು ಆರು ವರ್ಷದವಳಮ್ಮ. ನಂಗೆ ಇರೋದು ಅವಳೊಬ್ಬಳೇ. ಅವಳು ಎರಡನೇ ಸಲ ಹೋದಳು ನಮ್ಮ ಮನೆಯಿಂದ."

ಅವರು ಹೋದ ಮೇಲೆ ಸೂಜಿ ನೀಲಿ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟರ ಕೋಣೆಯ ಹೊರಗೆ ಒಂದು ಗಂಟೆ ಕೂತಳು. ಮೇಷ್ಟ್ರು ತರಗತಿ ಮುಗಿಸಿ ಬಂದು, ಏನು ಎಂದು ಕೇಳಿ, ಎಲ್ಲ ಕೇಳಿಸಿಕೊಂಡರು. ಬೈಗುಳಕ್ಕೆ ಅವಳು ತಯಾರಾಗಿಯೇ ಬಂದಿದ್ದಳು. ಬೈಗುಳ ಬರಲಿಲ್ಲ.

"ಪತ್ರಿಕೆಯಲ್ಲಿದ್ದಾಗ ಒಬ್ಬಳು ಬಂದಿದ್ಲು," ಎಂದರು ಮೇಷ್ಟ್ರು. "ಗಂಡ ತೀರಿಕೊಂಡಿದ್ದ. ಕಣ್ಣು ಮುಚ್ಚಿರೋ ಫೋಟೋ ಒಂದೇ ಇತ್ತು. ತೆರೆದ ಕಣ್ಣು ಬರೆದು ಕೊಡಿ ಅಂದ್ಲು. ಬರೆದೆ. ಕೈ ಚೆನ್ನಾಗಿತ್ತಲ್ಲ, ಜಂಬ. ಒಂದು ತಿಂಗಳಿಗೆ ವಾಪಸ್ ತಂದು ಮೇಜಿನ ಮೇಲಿಟ್ಟಳು. ಇವನು ನನ್ನ ನೋಡ್ತಾನೆ, ಆದರೆ ಇವನಿಗೆ ನಾನು ಯಾರು ಅಂತ ಗೊತ್ತಿಲ್ಲ ಅಂದ್ಲು." ಅವರು ಅವಳ ತೊಡೆಯ ಮೇಲಿದ್ದ ನೀಲಿ ಅಂಗಿಯನ್ನು ನೋಡಿದರು. "ನಾನು ಬಣ್ಣ ಹಚ್ಚಿದ್ದು ಕಾಗದದ ಮೇಲೆ. ತೆಗೆಯೋಕೆ ದಾರಿ ಇರ್ಲಿಲ್ಲ. ನೀನು ಪದರಗಳನ್ನ ಬೇರೆ ಬೇರೆ ಇಟ್ಟಿದೀಯಾ, ಇಲ್ಲಾ ಒಂದು ಮಾಡಿಬಿಟ್ಯಾ?"

"ಬೇರೆ ಬೇರೆ ಇದೆ ಸಾರ್."

"ಹಾಗಾದ್ರೆ ತೋರಿಸು. ನಂಗಲ್ಲ, ಆ ತಾಯಿಗೆ."

ಮಾರನೆಯ ದಿನ ಮಧ್ಯಾಹ್ನ ಸೂಜಿ ಲ್ಯಾಪ್‌ಟಾಪ್ ಹಿಡಿದು ಆ ಮನೆಗೆ ಹೋದಳು. ಗುಂಡಿ-ದಾರದ ಅಂಗಡಿಯ ಮುಂದೆ ನಿಂತು, "ನಾನು ಅವರ ಮಗಳಲ್ಲ, ಅವತ್ತು ಸುಳ್ಳು ಹೇಳಿದೆ" ಎಂದು ಮೊದಲು ಹೇಳಿಯೇ ಮುಂದೆ ಹೋದಳು. ಅಂಗಡಿಯಾಕೆ ಕೈಯಲ್ಲಿ ಗುಂಡಿ ಹಿಡಿದುಕೊಂಡೇ ಉಳಿದಳು.

ಕೋಣೆ ಚಿಕ್ಕದು. ಹೊಲಿಗೆ ಮಿಷನ್ನು, ನೆಲದ ತುಂಬ ಬಟ್ಟೆಯ ಚೂರು, ಮಿಷನ್ನಿನ ಮೇಲಿನ ಗೋಡೆಗೆ ಸಾಲಾಗಿ ಏಳು ಫೋಟೋ. ಅಷ್ಟು ಮುಖಗಳ ಕೆಳಗೆ ತನ್ನ ಮುಖ ಹೊತ್ತುಕೊಂಡು ನಿಂತ ಸೂಜಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಗಡಿಯಾರದವರು ಒಳಬಾಗಿಲಿಗೆ ಒರಗಿ ನಿಂತಿದ್ದರು.

"ಆಂಟಿ, ಇವನ್ನ ಹೇಗೆ ಮಾಡಿದೆ ಅಂತ ತೋರಿಸಬೇಕು," ಎಂದಳು.

ಹೊಲಿಗೆಯಮ್ಮ ನಕ್ಕರು. "ಫೋಟೋ ನೀನು ಮಾಡಿದ್ದು ಅಂತ ನಂಗೆ ಗೊತ್ತಿಲ್ವಾ? ನಂಗೇನು ತಲೆ ಕೆಟ್ಟಿದೆ ಅಂದ್ಕೊಂಡ್ಯಾ? ತೋರಿಸು, ನೋಡೋಣ."

ಸೂಜಿ ಮೊದಲ ಫೋಟೋದ ಫೈಲು ತೆರೆದಳು. ಕುರ್ಚಿಯಲ್ಲಿ ಕೂತ ಹುಡುಗಿ. "ಇದು ನನ್ನ ಭುಜ" ಎಂದು ಒಂದು ಪದರವನ್ನು ಮರೆ ಮಾಡಿದಳು. ಭುಜ ಹೋಯಿತು, ಅದರ ಜಾಗದಲ್ಲಿ ಖಾಲಿ ಎಂದು ತೋರಿಸುವ ಬೂದು-ಬಿಳಿ ಚೌಕುಳಿ ಬಂತು. "ಇದು ನನ್ನ ಕುತ್ತಿಗೆ. ಇದು ಕಿವಿ, ನಂದೇ." ಒಂದೊಂದಾಗಿ ಹೋದವು. "ಈ ಹುಬ್ಬು ನಿಮ್ಮದು ಆಂಟಿ, ಮದುವೆ ಫೋಟೋದ್ದು. ಮೂಗು ಅಂಕಲ್‌ದು." ಹೊಲಿಗೆಯಮ್ಮ ಈಗ ನಗುತ್ತಿರಲಿಲ್ಲ. ದವಡೆ ಹೋದಾಗ ಅವರ ಕೈ ತಾನಾಗಿ ಮುಂದೆ ಬಂದು ಪರದೆಯ ಅಂಚನ್ನು ಹಿಡಿಯಿತು, ಬೀಳುತ್ತಿರುವುದನ್ನು ಹಿಡಿಯುವಂತೆ. ಸೂಜಿ ನಿಲ್ಲಿಸಿದಳು. "ಮುಂದೆ ಮಾಡು," ಎಂದರು ಅವರು.

ಕೊನೆಗೆ ಚೌಕುಳಿಯ ನಡುವೆ ಎರಡು ಕಣ್ಣು ಮಾತ್ರ ಉಳಿದವು.

"ಇದಿಷ್ಟೇ ಅವಳದ್ದು," ಎಂದಳು ಸೂಜಿ.

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ.

"ಅವಳನ್ನ ಚಿಕ್ಕವಳು ಮಾಡು," ಎಂದರು ಹೊಲಿಗೆಯಮ್ಮ. "ವಾಪಸ್ ಚಿಕ್ಕವಳು ಮಾಡು."

ಸೂಜಿ ಹಳೆಯ ಫೈಲನ್ನು ತೆರೆದಳು. ಆರು ವರ್ಷದ ಮಗು ಪರದೆಯ ತುಂಬ ಬಂದು ನಿಂತಿತು. ಹೊಲಿಗೆಯಮ್ಮ ಬಹಳ ಹೊತ್ತು ನೋಡಿದರು. ಮಿಷನ್ನಿನ ಮೇಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, "ಇಷ್ಟು ಚಿಕ್ಕವಳಿದ್ಲಾ?" ಎಂದರು ಗಂಡನನ್ನು. "ನಂಗೆ ಮರೆತೇ ಹೋಗಿತ್ತು ಕಣ್ರೀ. ಇಷ್ಟೇ ಇದ್ಲಾ?" ಗಡಿಯಾರದವರು ಹೂಂ ಎಂದರು. ಆಗ ಆಕೆ ಅತ್ತರು. ಸೆರಗು ಬಾಯಿಗಿಟ್ಟುಕೊಂಡು, ಸದ್ದಿಲ್ಲದೆ, ನೆಲದ ಬಟ್ಟೆ ಚೂರುಗಳ ಮಧ್ಯೆ ಕುಸಿದು ಕೂತು ಅತ್ತರು. ಗಡಿಯಾರದವರು ಬೀರು ತೆಗೆದು, ಚೌಕಟ್ಟನ್ನು ತಂದು, ಅವರ ಪಕ್ಕ ನೆಲದಲ್ಲೇ ಇಟ್ಟರು.

ಸಂಜೆಗೆ ಮುಂಚೆ ಹೊಲಿಗೆಯಮ್ಮ ತಾವೇ ಸ್ಟೂಲು ಹತ್ತಿ ಫೋಟೋಗಳನ್ನು ಒಂದೊಂದಾಗಿ ಇಳಿಸಿ ಸೂಜಿಯ ಕೈಗೆ ಕೊಟ್ಟರು. ಆರು ಕೊಟ್ಟು, ಏಳನೆಯದರ ಮುಂದೆ ನಿಂತರು. ಅದರಲ್ಲಿ ಹುಡುಗಿ ಕಿಟಕಿಯ ಕಡೆಗೆ ತಿರುಗಿ ನಿಂತಿದ್ದಳು. ಬೆನ್ನು, ಜಡೆ, ಕಿಟಕಿಯ ಸರಳು ಹಿಡಿದ ಒಂದು ಕೈ, ಅಷ್ಟೇ. ಮುಖವಿರಲಿಲ್ಲ.

"ಇದನ್ನೂ ಇಳಿಸಲಾ ಆಂಟಿ?"

"ಬೇಡ." ಅವರು ತಿರುಗದೆಯೇ ಹೇಳಿದರು. "ಇದರಲ್ಲಿ ನಿನ್ನ ಮುಖ ಇಲ್ವಲ್ಲ. ಇದೊಂದು ಇರ್ಲಿ. ಎಲ್ಲೋ ನೋಡ್ತಾ ನಿಂತಿದಾಳೆ ಅಂದ್ಕೋತೀನಿ."

ಆ ಫೋಟೋದಲ್ಲಿ ಬಿಚ್ಚಲು ಪದರಗಳೇ ಇರಲಿಲ್ಲ. ಮುಖ ಬೇಡವಾದ್ದರಿಂದ ಸೂಜಿ ಅದಕ್ಕೆ ಏನನ್ನೂ ಜೋಡಿಸಿರಲಿಲ್ಲ. ತನ್ನ ಮನೆಯ ಕಿಟಕಿಯಲ್ಲಿ ತಾನು ನಿಂತದ್ದನ್ನು ತೆಗೆದು ಹಾಗೆಯೇ ಮುದ್ರಿಸಿದ್ದಳು. ಬೆನ್ನೂ ಅವಳದ್ದು, ಜಡೆಯೂ ಅವಳದ್ದು, ಕೈಯೂ ಅವಳದ್ದು. ಸತ್ತ ಮಗುವಿನದ್ದು ಒಂದು ಚುಕ್ಕೆಯೂ ಅದರಲ್ಲಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಳು. ಗಡಿಯಾರದವರು ಅವಳನ್ನೇ ನೋಡುತ್ತಿದ್ದರು, ತಲೆಯನ್ನು ಸ್ವಲ್ಪವೇ ಅಡ್ಡ ಆಡಿಸಿದರು. ಅವರಿಗೆ ಗೊತ್ತಿತ್ತು. ಸೂಜಿ ಸುಮ್ಮನಾದಳು.

ಹೊರಡುವಾಗ ನೀಲಿ ಅಂಗಿಯನ್ನು ವಾಪಸ್ ಕೊಡಲು ಹೋದರೆ ಹೊಲಿಗೆಯಮ್ಮ ತೆಗೆದುಕೊಳ್ಳಲಿಲ್ಲ. "ನಿನ್ನ ಅಳತೆದು. ಬೇರೆ ಯಾರಿಗೂ ಆಗಲ್ಲ," ಎಂದರು.

ಆರು ಫೋಟೋಗಳನ್ನು ಅವಳು ಕಾಲೇಜಿನ ಕಾಗದ ಕತ್ತರಿಸುವ ಯಂತ್ರದ ಮುಂದಿಟ್ಟುಕೊಂಡು ಕೂತಳು. ಕತ್ತರಿಸಲು ಕೈ ಬರಲಿಲ್ಲ. ಮೇಷ್ಟ್ರು ಬಂದು ತಾವೇ ಕತ್ತರಿಸಿ ಬುಟ್ಟಿಗೆ ಹಾಕಿದರು. ಫೈಲುಗಳನ್ನು ಅವಳೇ ಅಳಿಸಿದಳು. ಆ ಸೆಮಿಸ್ಟರಿನಲ್ಲಿ ಅವಳಿಗೆ ಸಿಕ್ಕ ಅಂಕ ಮೊದಲ ಫೋಟೋಗೆ, ಮಗುವಿನ ಫೋಟೋಗೆ. ತರಗತಿಯಲ್ಲಿ ಅದೇ ಹೆಚ್ಚು.

ಆಮೇಲೆ ಅವಳು ಅಕ್ಷರ ವಿನ್ಯಾಸದ ಕಡೆಗೆ ಹೋದಳು, ಮುಖಗಳ ಕೆಲಸಕ್ಕೆ ಮತ್ತೆ ಕೈ ಹಾಕಲಿಲ್ಲ. ಈಗ ಒಂದು ಪಠ್ಯಪುಸ್ತಕದ ಮುದ್ರಣಾಲಯದಲ್ಲಿ ಕೆಲಸ. ಅವಳು ವಾರಕ್ಕೆರಡು ಸಲ ಹತ್ತುವ ಬಸ್ಸು ಗುಂಡಿ-ದಾರದ ಅಂಗಡಿಯ ಮೂಲೆಯಲ್ಲಿ ತಿರುಗುತ್ತದೆ. ಅಲ್ಲಿಂದ ಆ ಮನೆಯ ಕಿಟಕಿ ಕಾಣುತ್ತದೆ, ಒಳಗಿನ ಗೋಡೆಯೂ ಸ್ವಲ್ಪ ಕಾಣುತ್ತದೆ. ಮಗುವಿನ ಚೌಕಟ್ಟು ಮಿಷನ್ನಿನ ಮೇಲಿನ ಗೋಡೆಗೆ ಮರಳಿ ಬಂದಿದೆ. ಅದರ ಪಕ್ಕದಲ್ಲಿ, ಬೆನ್ನು ತಿರುಗಿಸಿಕೊಂಡು ಒಬ್ಬ ಹುಡುಗಿ ನಿಂತಿದ್ದಾಳೆ. ಹೊಲಿಗೆಯಮ್ಮ ಒಮ್ಮೊಮ್ಮೆ ಹೊಲಿಗೆ ನಿಲ್ಲಿಸಿ ಕತ್ತೆತ್ತಿ ಆ ಬೆನ್ನಿನ ಕಡೆ ಏನೋ ಹೇಳುತ್ತಿರುತ್ತಾರೆ. ತುಟಿ ಅಲ್ಲಾಡುವುದು ಬಸ್ಸಿನಿಂದಲೇ ಕಾಣುತ್ತದೆ. ಆ ತಿರುವು ಬಂದಾಗ ಸೂಜಿಯ ಬೆನ್ನಿಗೆ, ಎರಡು ಭುಜಗಳ ನಡುವೆ, ಯಾರೋ ನೋಡುತ್ತಿರುವಂತಾಗುತ್ತದೆ. ಅವಳು ತಿರುಗುವುದಿಲ್ಲ. ಬಸ್ಸು ಮುಂದೆ ಹೋಗುವವರೆಗೆ ಕಿಟಕಿಯ ಸರಳು ಹಿಡಿದು ಹಾಗೆಯೇ ಕೂತಿರುತ್ತಾಳೆ.